ನೀಲಿ ಟಿಂಟ್, 50 ಮಿಲಿ: ಬಣ್ಣ ಚಂದ, ಲೇಬಲ್ ನಂಬಬೇಡಿ

ಪಾಲಿಯೆಸ್ಟರ್ ರೆಸಿನ್‌ಗೆ (ಫೈಬರ್ ಬಟ್ಟೆಗೆ ಸುರಿದರೆ ಗಟ್ಟಿಯಾಗುವ ಅಂಟುದ್ರವ) ಬೆರೆಸುವ ಬಣ್ಣ, ಅಂದರೆ ಟಿಂಟ್ ಇದು, ಆನ್‌ಲೈನಿನಲ್ಲಿ ತರಿಸಿದ್ದು. ಮೂಲ್ಕಿಯಲ್ಲಿ ಸೆಕೆಂಡ್‌ಹ್ಯಾಂಡ್ ಸಿಕ್ಕಿದ 6 ಅಡಿ 4 ಇಂಚಿನ ಸರ್ಫ್‌ಬೋರ್ಡಿನ ಹಳೆ ಫೈಬರ್ ಕಿತ್ತು ಹೊಸದು ಹೊದೆಸಿದೆ. ಮೊದಲು ಅಡಿಭಾಗ, ಆಮೇಲೆ ಮೇಲ್ಭಾಗ. ಅಡಿಭಾಗ ನೋಡಿದ ತಮ್ಮ ಕೇಳಿದ್ದು, "ಇದೆಂತ ಮಾರಾಯ, ಎಮ್ಮೆ ನೀಲಿಯಲ್ಲಿ ಹೊರಳಾಡಿದ ಹಾಗೆ ಉಂಟಲ್ಲ?"

ಅರ್ಧ ತಪ್ಪು ಲೇಬಲಿನದ್ದು. "ಒಂದು ಕಪ್‌ಗೆ 10 ಹನಿ" ಅಂತ ಬರೆದಿದ್ದಾರೆ. ಯಾವ ಕಪ್? ಎಷ್ಟು ದೊಡ್ಡ ಹನಿ? ಬಾಟಲಿಗೆ ಡ್ರಾಪರ್ ಕೂಡ ಇಲ್ಲ. ಮೊದಲ ಕಪ್ ಸಾಲದೆ ಅವಸರದಲ್ಲಿ ಎರಡನೆಯದು ಕಲಸಿದೆ, ಅದು ಕಡುವಾಯಿತು. ಎರಡೂ ಸೇರುವಲ್ಲಿ ಗೆರೆ ಎಳೆದ ಹಾಗೆ ಕಾಣುತ್ತದೆ.

ಉಳಿದರ್ಧ ನನ್ನದೇ. ಮಲ್ಪೆಯ ದೋಣಿಗಳಿಗೆ ಹಾಕುವ ಪಿಗ್ಮೆಂಟ್ ಪೇಸ್ಟ್ ಕೆಳಗಿನದ್ದನ್ನೆಲ್ಲ ಮುಚ್ಚಿಹಾಕುತ್ತದೆ. ಟಿಂಟ್ ಪಾರದರ್ಶಕ, ರೆಸಿನ್ ಎಲ್ಲಿ ದಪ್ಪ ನಿಂತಿತೋ ಅಲ್ಲಿ ಬಣ್ಣ ಗಾಢ. ಹಳೆ ಫೈಬರ್ ಕೀಳುವಾಗ ಬೋರ್ಡಿನೊಳಗಿನ ಫೋಮಿನಲ್ಲಾದ ಸಣ್ಣ ಹೊಂಡಗಳು, ಒರಟು ಸ್ಯಾಂಡ್‌ಪೇಪರಿನ ಗೀರುಗಳು, ನನ್ನ ಹೆಬ್ಬೆಟ್ಟು ಊರಿದ ಒಂದು ಗುರುತು, ಎಲ್ಲ ಶಾಯಿ ಬಿದ್ದ ಹಾಗೆ ಎದ್ದು ಕಂಡವು. ಸಾಲದ್ದಕ್ಕೆ ದೋಣಿಯವರು ಬಳಸುವ ಕೋಬಾಲ್ಟ್ ಬೆರೆತ ರೆಸಿನ್ ತಂದಿದ್ದೆ. ಆ ರೆಸಿನ್‌ಗೇ ಗುಲಾಬಿ ಛಾಯೆ ಇರುತ್ತದೆ, ನನ್ನ ಆಕಾಶನೀಲಿ ನೇರಳೆ ಹಣ್ಣಿನ ಕಡೆ ವಾಲಿತು.

ಮೇಲ್ಭಾಗಕ್ಕೆ ತಿಳಿ ಲ್ಯಾಮಿನೇಟಿಂಗ್ ರೆಸಿನ್ ತರಿಸಿದೆ. ಹೊಂಡಗಳಿಗೆ ಹಗುರ ಫಿಲ್ಲರ್ ತುಂಬಿ ಉಜ್ಜಿದೆ. 4 ಔನ್ಸಿನ (ಚದರ ಗಜಕ್ಕೆ ಅಷ್ಟು ತೂಗುವ) ಎರಡು ಪದರ ಫೈಬರ್ ಬಟ್ಟೆಗೆ 900 ಗ್ರಾಂ ರೆಸಿನ್, ಎಲ್ಲ ಒಂದೇ ಬಕೆಟಿನಲ್ಲಿ. ಟಿಂಟ್ 9 ಗ್ರಾಂ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದ್ದು (ಅಮ್ಮನಿಗೆ ಹೇಳಿಲ್ಲ). ಚೆನ್ನಾಗಿ ಕಲಸಿ, ಹಳೆ ನೈಲಾನ್ ಸಾಕ್ಸಿನಲ್ಲಿ ಸೋಸಿ, ಬಿಳಿ ಟೈಲ್ ಮೇಲೆ ಬಟ್ಟೆ ಚೂರಿಟ್ಟು ಎಳೆದು ನೋಡಿದೆ. ಬಕೆಟಿನಲ್ಲಿ ಕಪ್ಪೇ ಅನ್ನಿಸುವ ನೀಲಿ ಅಲ್ಲಿ ಹದವಾಗಿ ಕಂಡಿತು. ರೆಸಿನ್ ಗಟ್ಟಿ ಮಾಡುವ ಹಾರ್ಡನರ್ ಕೊನೆಗೆ, ಶೇಕಡಾ 1 ಮಾತ್ರ. ನಮ್ಮ ಸೆಖೆಗೆ ಅದಕ್ಕಿಂತ ಹೆಚ್ಚು ಹಾಕಿದರೆ ಸ್ಕ್ವೀಜಿ (ರೆಸಿನ್ ಎಳೆದು ಹರಡುವ ಹಲಗೆ) ಅಂಚಿಗೆ ತಲುಪುವ ಮೊದಲೇ ರೆಸಿನ್ ಗಟ್ಟಿ. ನಡುವಿನಿಂದ ಅಂಚಿಗೆ ಒಂದೇ ಒತ್ತಡದಲ್ಲಿ ಎಳೆದೆ, ಎಲ್ಲಿಯೂ ರೆಸಿನ್ ಮಡುಗಟ್ಟಲು ಬಿಡಲಿಲ್ಲ. ಬಟ್ಟೆ ಮಡಚಿ ಬರುವ ಅಂಚಿನಲ್ಲಿ ಬಣ್ಣ ಎರಡು ಪಟ್ಟಾಗುತ್ತದೆ. ಅಲ್ಲಿ ಮೊದಲೇ ಟೇಪ್ ಹಚ್ಚಿಟ್ಟು, ರೆಸಿನ್ ಅರೆಗಟ್ಟಿಯಾದಾಗ ಟೇಪಿನ ಮೇಲೆ ಬಂದ ಬಟ್ಟೆಯನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದೆ. ಉಳಿದ ಪಟ್ಟಿ ಕಡುವಾದರೂ ನೇರ, ಬೇಕಂತಲೇ ಮಾಡಿದ ಹಾಗೆ ಉಂಟು.

ಮೇಲ್ಭಾಗ ಈಗ ತುದಿಯಿಂದ ತುದಿಗೆ ಒಂದೇ ನೀಲಿ, ಬಿಸಿಲಿಗೆ ಹಿಡಿದರೆ ನಡುವಿನ ಮರದ ಪಟ್ಟಿ ತೆಳುವಾಗಿ ಕಾಣುತ್ತದೆ. ಬಣ್ಣಕ್ಕೆ ಐದಕ್ಕೆ ಐದು. ಲೇಬಲಿಗೆ ಒಂದು ನಕ್ಷತ್ರ ಕಟ್, ಸೋರುವ ಮುಚ್ಚಳಕ್ಕೆ ಅರ್ಧ. ಇನ್ನೊಂದು ಬಾಟಲಿ ಆರ್ಡರ್ ಮಾಡಿದ್ದೇನೆ, ಹಸಿರು. ಅಡಿಭಾಗವನ್ನು ಹಾಗೇ ಬಿಟ್ಟಿದ್ದೇನೆ, ಹೇಗೂ ನೀರಿನೊಳಗೇ ಇರುವುದಲ್ಲವಾ.