ಅಗ್ಗದ ಪಶು ಆಹಾರ: ಚೀಲದ ಮೇಲಿನ ಪ್ರೊಟೀನ್ ಅಂಕಿಯನ್ನು ನಂಬಬೇಡಿ

ಒಂದೆರಡು ಹಸು ಕಟ್ಟಿಕೊಂಡವರೆಲ್ಲ ದಯವಿಟ್ಟು ಓದಿ. ಇಲ್ಲೇ ತಯಾರಾಗುವ ಅಗ್ಗದ ಮಿಶ್ರಣ ಎಂದು ಒಬ್ಬ ವ್ಯಾಪಾರಿ ನನಗೆ ಮಾರಿದ್ದು ಪಶು ಆಹಾರವಲ್ಲ, ಕಸ. ಹೌದು, ಕಸ. ಜೋಳದ ನುಚ್ಚು, ತೌಡು, ಹಿಂಡಿ, ಖನಿಜ ಮಿಶ್ರಣ ಎಲ್ಲ ಇದೆ ಎಂದಿದ್ದ. ಚೀಲದ ಮೇಲೆ ಪ್ರೊಟೀನ್ ಶೇ. 20 ಎಂದು ದಪ್ಪ ಅಕ್ಷರ ಬೇರೆ.

ಹಾಲು ಇಳಿಯಿತು. ಹಸು ಗೋದಲಿಗೆ ಮೂತಿಯಿಟ್ಟು ಹಿಂದೆ ಸರಿಯತೊಡಗಿತು. ಫೋನ್ ಮಾಡಿದರೆ, "ಹೊಸ ಆಹಾರ, ಒಗ್ಗಬೇಕು ಸ್ವಾಮಿ" ಎಂದ. ಮತ್ತೆ ಮಾಡಿದರೆ, "ಹೊಟ್ಟೆಯಲ್ಲಿ ಹುಳು ಇರಬೇಕು, ಔಷಧಿ ಹಾಕಿಸಿ." ತಪ್ಪೆಲ್ಲ ನನ್ನ ಹಸುವಿನದೇ!

ಒಂದು ಹಿಡಿಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿದೆ. ಭತ್ತದ ಹೊಟ್ಟು ಮೇಲಕ್ಕೆ ತೇಲಿತು. ನೀರು ಬಸಿದು ತಳ ಮುಟ್ಟಿದರೆ ಬೆರಳಿಗೆ ಗರಗರ ಮರಳು. ಮನೆಯವರೆಲ್ಲ ನೋಡುತ್ತಿದ್ದರು, ನನಗೆ ತಲೆ ಎತ್ತಲಾಗಲಿಲ್ಲ. ಇದನ್ನು ಹೇಳಿದಾಗ ಅವನಿಗೆ ಅಳುಕೇ ಇಲ್ಲ: "ಲ್ಯಾಬ್‌ಗೆ ಕೊಡಿ ಸ್ವಾಮಿ, ಪ್ರೊಟೀನ್ ಕಡಿಮೆ ಬಂದರೆ ಕೇಳಿ."

ಕೊಟ್ಟೆ. ಪ್ರೊಟೀನ್ ಸರಿಯಾಗಿಯೇ ಬಂತು! ಮೋಸ ಇರುವುದೇ ಅಲ್ಲಿ. ಸಾಮಾನ್ಯ ಪರೀಕ್ಷೆ ಅಳೆಯುವುದು ಸಾರಜನಕವನ್ನು, ಅದನ್ನು 6.25ರಿಂದ ಗುಣಿಸಿ ಪ್ರೊಟೀನ್ ಎಂದು ಬರೆಯುತ್ತಾರೆ. ಯೂರಿಯಾದಲ್ಲಿ ಸಾರಜನಕವೇ ಶೇ. 46. ನೂರು ಕಿಲೋ ಮಿಶ್ರಣದಲ್ಲಿ ಒಂದು ಕಿಲೋ ಯೂರಿಯಾ ಇದ್ದರೆ ಸಾಕು, ಅದೊಂದರಿಂದಲೇ ಪ್ರೊಟೀನ್ ಅಂಕಿಗೆ ಹತ್ತಿರ ಹತ್ತಿರ 3 ಸೇರುತ್ತದೆ. ಯೂರಿಯಾವನ್ನು ಬೇರೆಯಾಗಿ ಪರೀಕ್ಷಿಸಿದಾಗ ಬಣ್ಣ ಬಯಲಾಯಿತು.

"ಯೂರಿಯಾ ಎಲ್ಲರೂ ಹಾಕುತ್ತಾರೆ" ಎಂದ. ಹಾಕುತ್ತಾರೆ, ಆದರೆ ಶೇ. 1 ಮೀರದಂತೆ, ಧಾನ್ಯದೊಂದಿಗೆ, ಸಮವಾಗಿ ಬೆರೆಸಿ. ಧಾನ್ಯವೇ ಇಲ್ಲದ ಹೊಟ್ಟಿಗೆ ಗಂಟುಗಂಟಾಗಿ ಸುರಿದರೆ ಅಮೋನಿಯಾ ರಕ್ತಕ್ಕೇರಿ ಹಸು ಸಾಯಬಹುದು. ಎಳೆಗರುವಿಗಂತೂ ಯೂರಿಯಾ ಕೊಡಲೇಬಾರದು. ಇದನ್ನೆಲ್ಲ ತಿಳಿದವನೇ ಅವನು, ಅದಕ್ಕೇ ಲ್ಯಾಬ್‌ಗೆ ಕೊಡಿ ಎಂದದ್ದು!

ಸ್ಥಳೀಯವಾಗಿ ಬೆರೆಸಿದ ಆಹಾರವೆಲ್ಲ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆದರೆ ಯಾವುದು ಎಷ್ಟು ಕಿಲೋ ಎಂದು ಬಾಯಿಬಿಡದವನಿಂದ ಕೊಳ್ಳಬೇಡಿ. ಮೊದಲು ಒಂದೇ ಚೀಲ ತಂದು ನೀರಲ್ಲಿ ಕಲಕಿ ನೋಡಿ. ಪರೀಕ್ಷೆಗೆ ಕೊಟ್ಟರೆ ಯೂರಿಯಾ, ಮರಳು ಎರಡನ್ನೂ ನೋಡಲು ಹೇಳಿ.

ಉಳಿದ ಚೀಲಗಳನ್ನಾದರೂ ವಾಪಸ್ ತೆಗೆದುಕೋ ಎಂದೆ. "ಮನೆಗೆ ಹೋದ ಮಾಲು ವಾಪಸ್ ಇಲ್ಲ" ಎಂದು ಫೋನ್ ಇಟ್ಟ. ಚೀಲ ತಿರುಗಿಸಿ ನೋಡಿದರೆ ತಯಾರಕರ ವಿಳಾಸವೂ ಇಲ್ಲ.