ಸೆಕೆಂಡ್ ಹ್ಯಾಂಡ್ 50 ಎಂಎಂ ಲೆನ್ಸ್ ತಗೊಳ್ಳೋರು ದಯವಿಟ್ಟು ಇದನ್ನ ಓದಿ

14,500 ರೂಪಾಯಿ ಹೋಯ್ತು. ದುಡ್ಡಿಗಿಂತ ಹೊಟ್ಟೆ ಉರೀತಿರೋದು ಆ ರಾತ್ರಿ ಹೋಯ್ತಲ್ಲ ಅಂತ.

ಕುಂದಾಪುರದ ಹತ್ತಿರ ನಮ್ಮೂರ ಬಯಲಾಟದಲ್ಲಿ ಅಕ್ಕನ ಮಗ ಮೊದಲ ಸಲ ಬಾಲಗೋಪಾಲ ವೇಷ ಕಟ್ಟೋನಿದ್ದ. ನನ್ನ ಹತ್ರ ಇರೋದು ನಿಕಾನ್ ಡಿ5600 ಕ್ಯಾಮೆರಾ, ಜೊತೆಗೆ ಬಂದ 18-55 ಕಿಟ್ ಲೆನ್ಸ್. ಅದನ್ನ 55ಕ್ಕೆ ಝೂಮ್ ಮಾಡಿದ್ರೆ ಎಫ್/5.6 (ಈ ಅಂಕಿ ಚಿಕ್ಕದಾದಷ್ಟೂ ಒಳಗೆ ಬರೋ ಬೆಳಕು ಜಾಸ್ತಿ). ರಂಗಸ್ಥಳದ ಬೆಳಕಲ್ಲಿ ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 6400 ಇಟ್ಟರೂ ಶಟರ್ ವೇಗ 1/30 ಸೆಕೆಂಡ್ ದಾಟಲ್ಲ, ಕುಣಿಯೋ ಕಾಲು ಪೂರ್ತಿ ಮಸುಕು. ಎಫ್/1.4 ಆದ್ರೆ ಅದಕ್ಕಿಂತ ಹದಿನಾರು ಪಟ್ಟು ಬೆಳಕು. ಹಾಗಾಗಿ ಬೆಂಗಳೂರಲ್ಲಿ ಒಬ್ಬನ ಹತ್ರ 50 ಎಂಎಂ 1.4 ಇದೆ ಅಂತ ಗೊತ್ತಾದಾಗ ಮೆಸೇಜ್ ಹಾಕಿದೆ. ಮೊದಲ ಸಾಲಲ್ಲೇ ಬರೆದಿದ್ದೆ: "ನಂದು ಡಿ5600, ಆಟೋಫೋಕಸ್ ಆಗುತ್ತಾ?" ಉತ್ತರ: "ಬಂದು ನೋಡಿ ಸರ್, ಬೆಣ್ಣೆ ಥರ ಆಗುತ್ತೆ."

ಹೋದೆ. ಅಂಗಡಿಯಲ್ಲಿ ಲೆನ್ಸನ್ನ ಆಗಲೇ ತನ್ನ ಡಿ7200 ಕ್ಯಾಮೆರಾಗೆ ಹಾಕಿಟ್ಟಿದ್ದ. ಕೈಗೆ ಕೊಟ್ಟ, ಬಟನ್ ಒತ್ತಿದೆ, ಝುರ್ ಅಂತ ಫೋಕಸ್ ಆಯ್ತು. ನನ್ನ ಕ್ಯಾಮೆರಾ ಬೆನ್ನಿಗಿದ್ದ ಬ್ಯಾಗಲ್ಲೇ ಇತ್ತು. ತೆಗೀತೀನಿ ಅಂದೆ. "ಯಾಕ್ ಸರ್, ಎರಡೂ ನಿಕಾನೇ ಅಲ್ವಾ, ಸುಮ್ನೆ ಒಳಗೆ ಧೂಳು ಹೋಗುತ್ತೆ" ಅಂದ. ನಾನೂ ಜಿಪ್ ಎಳೆಯೋಕೆ ಹೋಗಿದ್ದ ಕೈ ವಾಪಸ್ ತಗೊಂಡೆ. ಅದೊಂದು ಕ್ಷಣ ನೆನೆಸಿಕೊಂಡ್ರೆ ಈಗಲೂ ಮೈ ಉರಿಯುತ್ತೆ.

ಅದು ಹಳೇ ಡಿ ಮಾಡೆಲ್ (50 ಎಂಎಂ 1.4ಡಿ) ಲೆನ್ಸ್. ಅದರೊಳಗೆ ಮೋಟಾರೇ ಇಲ್ಲ, ಕ್ಯಾಮೆರಾದ ಮೋಟಾರ್ ಅದನ್ನ ತಿರುಗಿಸಬೇಕು. ಡಿ7200ನಲ್ಲಿ ಆ ಮೋಟಾರ್ ಇದೆ, ಡಿ5600ನಲ್ಲಿ ಇಲ್ಲ. ಇದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ತನ್ನ ಕ್ಯಾಮೆರಾಗೆ ಹಾಕಿ ತೋರಿಸಿದ್ದಾನೆ.

ನನಗೆ ಗೊತ್ತಾಗಿದ್ದು ಊರಲ್ಲಿ, ಚಂಡೆ ಶುರುವಾದ ಮೇಲೆ. ಬಟನ್ ಒತ್ತಿದೆ, ಏನೂ ಅಲ್ಲಾಡಲಿಲ್ಲ. ಕೈಯಲ್ಲೇ ರಿಂಗ್ ತಿರುಗಿಸಿದೆ. 1.4ನಲ್ಲಿ ಮೂರು ಮೀಟರ್ ದೂರಕ್ಕೆ ಒಂದು ಗೇಣಿನಷ್ಟು ಜಾಗ ಮಾತ್ರ ಫೋಕಸ್ ಇರುತ್ತೆ. ಮಗು ಸುತ್ತು ಹಾಕ್ತಾ ಕುಣೀತಿದೆ, ಡಿ5600ರ ಆ ಕಣ್ಣಿಟ್ಟು ನೋಡೋ ಸಣ್ಣ ಕಿಂಡಿಯಲ್ಲಿ ಏನು ಕಾಣುತ್ತೆ? ಎಲ್ಲಾ ಫೋಟೋದಲ್ಲೂ ಹಿಂದಿನ ಪರದೆಯ ನೆರಿಗೆ ಚೂಪಾಗಿದೆ, ಮಗುವಿನ ಮುಖ ಮಾತ್ರ ಮಸುಕು. ದೀಪಗಳ ಸುತ್ತ ಬೇರೆ ಹಾಲು ಚೆಲ್ಲಿದ ಹಾಗೆ ಮಬ್ಬು.

ಬೆಳಿಗ್ಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ. ಹಿಂದಿನ ಗಾಜಿನ ಅಂಚಿಂದ ಒಳಕ್ಕೆ ಜೇಡರಬಲೆ ಥರ ಬಿಳೀ ಎಳೆಗಳು. ಫಂಗಸ್! ಅಂಗಡಿಯ ಟ್ಯೂಬ್‌ಲೈಟ್ ಬೆಳಕಲ್ಲಿ ಅದು ಒಂಚೂರೂ ಕಂಡಿರಲಿಲ್ಲ.

ಫೋನ್ ಮಾಡಿದ್ದಕ್ಕೆ ಅವನ ಮಾತು ಕೇಳಿ. ಮೊದಲು, "ನಿಮ್ಮದು ಯಾವ ಕ್ಯಾಮೆರಾ ಅಂತ ಹೇಳ್ಲೇ ಇಲ್ವಲ್ಲ ಸರ್." ಸ್ಕ್ರೀನ್‌ಶಾಟ್ ಕಳಿಸಿದೆ. ಆಮೇಲೆ, "ಪ್ರೊಫೆಷನಲ್‌ಗಳೆಲ್ಲ ಮ್ಯಾನುಯಲ್ಲೇ ಹೊಡೆಯೋದು." ಫಂಗಸ್ ವಿಷಯ ಎತ್ತಿದ್ರೆ, "ನಿಮ್ಮ ಕರಾವಳಿ ಹವೆಗೆ ಬಂದಿರಬೇಕು." ನಾಲ್ಕೇ ದಿನಕ್ಕಾ? ನಾಲ್ಕು ದಿನಕ್ಕೆ ಗಾಜಿನ ಒಳಗೆ ಫಂಗಸ್ ಬೆಳೆಯುತ್ತಾ? ದುಡ್ಡು ವಾಪಸ್ ಕೇಳಿದ ಮೇಲೆ ಫೋನೇ ಎತ್ತಲಿಲ್ಲ.

ಲೆನ್ಸನ್ನ ನಿಮ್ಮ ಕ್ಯಾಮೆರಾಗೇ ಹಾಕಿ ನೋಡಿ. ಮಾರೋನು ಬೇಡ ಅಂದ್ರೆ ಎದ್ದು ಬನ್ನಿ. ಡಿ3000, ಡಿ5000 ಸಾಲಿನ ನಿಕಾನ್ ಇರೋರು ಎಎಫ್-ಎಸ್ (ಒಳಗೇ ಮೋಟಾರ್ ಇರೋದು) ಅಂತ ಬರೆದಿರೋದನ್ನೇ ತಗೊಳ್ಳಿ. ಅಪರ್ಚರ್ (ಬೆಳಕು ಬಿಡೋ ರಂಧ್ರ) ಪೂರ್ತಿ ತೆರೆದು ಎರಡೂ ಕಡೆಯಿಂದ ಟಾರ್ಚ್ ಬಿಡಿ. 1.4 ಅನ್ನೋ ಅಂಕಿಗೆ ಮರುಳಾಗಬೇಡಿ, 1.8ಕ್ಕೂ ಅದಕ್ಕೂ ಮುಕ್ಕಾಲು ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಎರಡು ಪಟ್ಟು ಬೆಳಕು) ವ್ಯತ್ಯಾಸವೂ ಇಲ್ಲ. ಎಎಫ್-ಎಸ್ 50 ಎಂಎಂ 1.8ಜಿ ತಗೊಂಡಿದ್ರೆ ನನ್ನ ಫೋಟೋ ಬರ್ತಿತ್ತು.

ನಿನ್ನೆ ನೋಡ್ತೀನಿ, ಅದೇ ನಂಬರಿಂದ ಇನ್ನೊಂದು 50 ಎಂಎಂ ಮಾರಾಟಕ್ಕೆ ಬಂದಿದೆ. "ಎಲ್ಲಾ ನಿಕಾನ್‌ಗೂ ಆಗುತ್ತೆ" ಅಂತ ಬರೆದಿದ್ದಾನೆ. ಫೋಟೋದಲ್ಲಿ ಲೆನ್ಸ್ ಕೂತಿರೋದು ಅದೇ ಡಿ7200 ಮೇಲೆ.