ಕಳ್ಳ ಬರಲಿಲ್ಲ, ಹಲ್ಲಿ ಬಂತು: ಮನೆ ಅಲಾರಂ ಜೊತೆ ಮೂರು ವರ್ಷ

ಮನೆಗೆ ಕಳ್ಳರ ಅಲಾರಂ ಹಾಕಿಸಿ ಮೂರು ವರ್ಷ ಆಯ್ತು. ಎರಡು ಬಾಗಿಲಿಗೆ ಸೆನ್ಸರ್, ಹಾಲ್‌ನಲ್ಲಿ ಒಂದು ಮೋಷನ್ ಸೆನ್ಸರ್, ಅಡುಗೆಮನೆ ಹತ್ತಿರ ಹೊಗೆಯದ್ದೊಂದು, ಎಲ್ಲ ಸೇರಿ 14,000 ಕೊಟ್ಟೆ. ನಮ್ಮ ಬಜೆಟ್‌ಗೆ ಅದು ಜಾಸ್ತಿನೇ. ಮಿಕ್ಕ ವಿವರ ಎಲ್ಲ ಡಬ್ಬದ ಮೇಲಿದೆ, ನಾನು ಬರೆಯಲು ಕೂತದ್ದು ಅದರ ಕೂಗಿನ ಬಗ್ಗೆ.

ಯಾವ ಪುಣ್ಯಾತ್ಮ ಆ ಸದ್ದನ್ನು ಆರಿಸಿದನೋ! ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಥೇಟ್ ಯುದ್ಧದ ಸೈರನ್. ಮೊದಲೆರಡು ವರ್ಷ ಇದನ್ನು ನಾನು ತಲೆಗೆ ಹಾಕಿಕೊಂಡಿರಲಿಲ್ಲ. ಒಗ್ಗರಣೆಗೆ ಬ್ಯಾಡಗಿ ಮೆಣಸಿನಕಾಯಿ ಬಿದ್ದಾಗಲೆಲ್ಲ ಕೂಗುತ್ತಿತ್ತು, ಹೊಗೆ ಸೆನ್ಸರನ್ನು ಪ್ಯಾಸೇಜಿಗೆ ಸಾಗಿಸಿದೆವು, ಮುಗೀತು.

ಆಮೇಲೆ ಬಂತು 2025ರ ಮೇ. 7ರ ಬೆಳಗ್ಗೆ ಎದ್ದರೆ ಎಲ್ಲ ಚಾನಲ್‌ನಲ್ಲೂ ಆಪರೇಷನ್ ಸಿಂಧೂರ. ಅದೇ ದಿನ ಅಣಕು ಕಾರ್ಯಾಚರಣೆ ಬೇರೆ, ಪಟ್ಟಿಯಲ್ಲಿ ನಮ್ಮ ಬೆಂಗಳೂರು, ಕಾರವಾರ, ರಾಯಚೂರು ಹೆಸರಿತ್ತು. ಪಹಲ್ಗಾಮ್ ಸುದ್ದಿ ಬಂದಾಗಿನಿಂದಲೇ ಅಮ್ಮ ಟಿವಿ ಮುಂದಿಂದ ಏಳುತ್ತಿರಲಿಲ್ಲ. ಈಗಂತೂ ನಿರೂಪಕರು ಬಾಯಿ ತೆರೆಯುವ ಮುಂಚೆ ಸೈರನ್, ಬ್ರೇಕ್ ಮುಗಿದರೆ ಸೈರನ್. ಎರಡು ದಿನ ಮನೆ ತುಂಬ ಅದೇ ಸದ್ದು.

ಎರಡನೇ ರಾತ್ರಿ, ಎರಡೂವರೆ ಸುಮಾರಿಗೆ, ನಮ್ಮ ಅಲಾರಂ ಶುರುವಾಯಿತು.

ನಾನು ಎದ್ದು ಹಾಲ್‌ಗೆ ಓಡಿ ಬಂದು ಸ್ವಿಚ್ ಒತ್ತಿದೆ. ಕರೆಂಟ್ ಇಲ್ಲ. ಕತ್ತಲಲ್ಲಿ ಯಾರೋ ನನ್ನ ಕೈ ಹಿಡಿದು ಕೆಳಗೆ ಎಳೆದರು. ಅಮ್ಮ! ಮೇನ್ ಸ್ವಿಚ್ ಇಳಿಸಿ, ನನ್ನ ಮಗನನ್ನು ಮಡಿಲಲ್ಲಿ ಅವುಚಿಕೊಂಡು ಊಟದ ಟೇಬಲ್ ಕೆಳಗೆ ಕೂತಿದ್ದಾರೆ. "ಲೈಟ್ ಹಾಕಬೇಡ್ವೋ" ಅಂದರು. ಅಂಗೈ ತಣ್ಣಗೆ ಒದ್ದೆಯಾಗಿತ್ತು. ಅಲಾರಂಗೆ ಮಾತ್ರ ಒಳಗೇ ಬ್ಯಾಟರಿ ಇದೆಯಲ್ಲ, ಅದು ಕೂಗುತ್ತಲೇ ಇತ್ತು.

ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ ಮೋಷನ್ ಸೆನ್ಸರ್ ಮೇಲೆ ಒಂದು ಹಲ್ಲಿ. ಬಾಲ ಸರಿಯಾಗಿ ಲೆನ್ಸ್ ಮೇಲೆ. ಆ ಸೆನ್ಸರ್ ನೋಡುವುದು ಎದುರಿಗಿನ ಶಾಖದಲ್ಲಾಗುವ ಬದಲಾವಣೆಯನ್ನು. ಇಪ್ಪತ್ತು ಅಡಿ ಆಚೆ ನಡೆಯುವ ಮನುಷ್ಯ, ಕಣ್ಣಿಗೇ ಅಂಟಿಕೊಂಡು ಹರಿದಾಡುವ ಹಲ್ಲಿ, ಎರಡೂ ಅದಕ್ಕೆ ಒಂದೇ.

ಆವತ್ತು ಮತ್ತೆ ಯಾರೂ ಮಲಗಲಿಲ್ಲ. 1971ರ ಯುದ್ಧದ ಹೊತ್ತಿಗೆ ಅಮ್ಮ ಮುಂಬೈನ ಮಾಟುಂಗದಲ್ಲಿದ್ದರು, ಆಗ ಅವರಿಗೆ ಹನ್ನೊಂದು ವರ್ಷ. ಕಿಟಕಿ ಗಾಜಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದು, ಸೈರನ್ ಆದರೆ ತಾತ ಬೀಡಿಯನ್ನೂ ಆರಿಸುತ್ತಿದ್ದದ್ದು, ಎಲ್ಲ ಹೇಳಿದರು. ಇಷ್ಟು ವರ್ಷದಲ್ಲಿ ಇದನ್ನು ನಾನು ಕೇಳಿಯೇ ಇರಲಿಲ್ಲ.

10ನೇ ತಾರೀಖು ಕೇಂದ್ರ ಸರ್ಕಾರ ಚಾನಲ್‌ಗಳಿಗೆ, ಕಾರ್ಯಕ್ರಮದಲ್ಲಿ ಸೈರನ್ ಸದ್ದು ಬಳಸಬೇಡಿ, ಜನ ಅಸಲಿ ಸೈರನ್ನನ್ನೂ ಮಾಮೂಲಿ ಅಂದುಕೊಂಡಾರು ಅಂತ ಹೇಳಿತು. ಸರಿ, ನನ್ನ ಗೋಡೆ ಮೇಲಿನ ಡಬ್ಬಕ್ಕೆ ಹೇಳುವವರು ಯಾರು? ಕಸ್ಟಮರ್ ಕೇರ್‌ಗೆ ಮೂರು ಸಲ ಫೋನ್ ಮಾಡಿದೆ. "ಸದ್ದು ಬದಲಾಯಿಸಲು ಬರಲ್ಲ ಸರ್, ವಾಲ್ಯೂಮ್ ಬೇಕಾದ್ರೆ ಕಮ್ಮಿ ಮಾಡ್ಕೊಳ್ಳಿ." (2023ರ ಅಕ್ಟೋಬರ್ 12ಕ್ಕೆ ರಾಜ್ಯದ ಫೋನ್‌ಗಳಿಗೆಲ್ಲ ತುರ್ತು ಸಂದೇಶದ ಪರೀಕ್ಷೆ ಬಂತಲ್ಲ, ಆಗಲೂ ಅಮ್ಮ ಫೋನನ್ನು ದಿಂಬಿನ ಕೆಳಗಿಟ್ಟು ಅದರ ಮೇಲೆ ಕೂತಿದ್ದರು. ನಾವು ನಕ್ಕಿದ್ದೆವು.)

ಕಿತ್ತು ಬಿಸಾಕಬೇಕು ಅಂತಲೇ ಇದ್ದೆ. ಬೇಡ ಅಂದದ್ದು ಅಮ್ಮನೇ, ಟಿಣ್ ಸದ್ದಿಗೋಸ್ಕರ. ಚೈಮ್ ಆನ್ ಮಾಡಿಟ್ಟರೆ ಬಾಗಿಲು ತೆರೆದಾಗಲೆಲ್ಲ ಮೆತ್ತಗೆ ಟಿಣ್ ಅನ್ನುತ್ತದೆ. ಬೆಳಗ್ಗೆ ಐದೂಮುಕ್ಕಾಲಿಗೆ ಒಂದು ಟಿಣ್, ಅಮ್ಮ ರಂಗೋಲಿ ಡಬ್ಬ ಹಿಡಿದು ಹೊರಗೆ ಹೋದರು. ಕಾಲು ಗಂಟೆ ಬಿಟ್ಟು ಇನ್ನೊಂದು, ಹಾಲಿನ ಪ್ಯಾಕೆಟ್ ಜೊತೆ ಒಳಗೆ ಬಂದರು. ಅಷ್ಟು ಹೊತ್ತು ನಾನು ಹೊದ್ದುಕೊಂಡೇ ಎಚ್ಚರವಾಗಿರುತ್ತೇನೆ. ಎರಡನೇ ಟಿಣ್ ತಡವಾದರೆ ಎದ್ದು ಬಾಗಿಲಿಗೆ ಹೋಗುತ್ತೇನೆ. ಹೋದ ತಿಂಗಳು ಒಂದು ದಿನ ಹಾಗೇ ಹೋದಾಗ ಮೆಟ್ಟಿಲ ಮೇಲೆ ಕೂತಿದ್ದರು. ತಲೆ ಸುತ್ತು ಬಂದಿತ್ತಂತೆ.

ಸೈರನ್ ತೂತುಗಳಿಗೆ ಈಗ ನಾಲ್ಕು ಸುತ್ತು ಬ್ಯಾಂಡೇಜ್ ಟೇಪ್ ಹಾಕಿದ್ದೇನೆ. ಸೆನ್ಸರ್ ಪಕ್ಕ ಅಮ್ಮ ನವಿಲುಗರಿ ಸಿಕ್ಕಿಸಿದ್ದಾರೆ. ಹಲ್ಲಿ ಅದರ ಹಿಂದೆಯೇ ಇದೆ, ನಿನ್ನೆಯೂ ನೋಡಿದೆ. ಕೊಳ್ಳುವವರು ಅಂಗಡಿಯಲ್ಲೇ ಒಂದು ಸಲ ಕೂಗಿಸಿ ಕೇಳಿ. ಐದಕ್ಕೆ ಮೂರು ಸ್ಟಾರ್, ಮೂರೂ ಟಿಣ್‌ಗೆ.